ಮೊದಲ ಪ್ರತಿ ರೆಜಿಸನದು

ಲೀಸಿಯಾನ್ ಅಚ್ಚು ಹಾಕುವ ಪುಸ್ತಕ ಓದಬೇಕಾದರೆ ಕೈಯಲ್ಲೊಂದು ಚಾಕು ಬೇಕು. ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿ, ದಾರ ಹಾಕಿ ಹೊಲಿದು, ಅಂಚು ಕತ್ತರಿಸದೆ ಹಾಗೇ ಕೊಟ್ಟುಬಿಡುತ್ತಾಳೆ. ಕೊಂಡವರು ಮಡಿಕೆಗಳನ್ನು ಒಂದೊಂದಾಗಿ ಸೀಳಿಕೊಂಡು ಓದಬೇಕು. ತಾತಂದಿರ ಕಾಲದ ಈ ಪದ್ಧತಿಯನ್ನು ಅವಳಂಥ ನಾಲ್ಕು ಹಟಮಾರಿಗಳು ಬಿಟ್ಟರೆ ಇನ್ಯಾರೂ ಉಳಿಸಿಕೊಂಡಿಲ್ಲ. ಪ್ಯಾರಿಸ್ಸಿನ ಕಾವ್ಯಸಂತೆಯಲ್ಲಿ ಯಾರಾದರೂ ಗೊಣಗಿದರೆ ಅವಳದು ಒಂದೇ ಮಾತು: "ಚಾಕು ನಿಮ್ಮ ಕೈಲಿದೆ. ಬಿಡಿಸ್ಬೇಕೋ ಬಿಡಬೇಕೋ ನೀವೇ ನೋಡ್ಕೊಳ್ಳಿ."

ಅವಳು ಪೋಸ್ಟ್‌ಮ್ಯಾನನ ಮಗಳು. ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿ, ಮುಚ್ಚಿಹೋದ ಅಚ್ಚುಕೂಟದ ಹಳೇ ಯಂತ್ರವೊಂದನ್ನು ಕೊಂಡು, ಮಾರೆನ್ ಊರಿನ ಕಾಲುವೆ ದಡದಲ್ಲಿ ತಿನ್ನುವ ಕಡಲ ಸಿಂಪಿ ಸಾಕಿ ಮಾರುವ ಗಂಡ ರೆಜಿಸ್ ಸರಕು ತೊಳೆಯುವ ಮರದ ಗುಡಿಸಲಿನ ಅರ್ಧಭಾಗದಲ್ಲಿ ಅದನ್ನು ಕೂರಿಸಿದಳು. ಅವನ ಅರ್ಧದಲ್ಲಿ ಸಿಂಪಿಯ ಬುಟ್ಟಿಗಳು, ಇವಳ ಅರ್ಧದಲ್ಲಿ ಸೀಸದ ಅಚ್ಚುಮೊಳೆಗಳು. "ಮನೆ ನಡೆಯೋದು ಯಾವ ಅರ್ಧದಿಂದ ಅಂತ ನಾವೇನೂ ಕೇಳಲ್ಲಮ್ಮ" ಎಂದು ಪಕ್ಕದ ಗುಡಿಸಲಿನವರು ಕಿಚಾಯಿಸುತ್ತಿದ್ದರು. ಉತ್ತರ ಊರಿಗೆಲ್ಲ ಗೊತ್ತಿತ್ತು.

ಸಂಪಾದಕಿಯಾಗಿ ಅವಳದು ಬಲು ಬಿಗಿ ಕೈ. ಎಂಥ ಹೆಸರುವಾಸಿ ಕವಿಯ ಹಸ್ತಪ್ರತಿಯಾದರೂ ಸೀಸದಕಡ್ಡಿ ಹಿಡಿದೇ ಕೂರುತ್ತಿದ್ದಳು. "ಇಲ್ಲೇನೋ ನುಂಗಿದೀಯಲ್ಲೋ, ಕಕ್ಕು" ಎಂದು ಫೋನಿನಲ್ಲೇ ಜಾಡಿಸುತ್ತಿದ್ದಳು. ಬೈಸಿಕೊಂಡವರೇ ಮತ್ತೆ ಅವಳ ಬಾಗಿಲಿಗೆ ಬರುತ್ತಿದ್ದರು. ತನ್ನ ಸ್ವಂತ ಕವಿತೆಗಳನ್ನು ಮಾತ್ರ ತುಂಬ ವರ್ಷ ಯಾರಿಗೂ ತೋರಿಸಲಿಲ್ಲ.

ಕೊನೆಗೆ ತೋರಿಸಿದ್ದಕ್ಕೆ ಕಾರಣವಿತ್ತು. ಒಂದು ಚಳಿಗಾಲ ಅವಳು ಪುಸ್ತಕ ಮಾರುವ ನೆಪ ಹೇಳಿ ವಾರವಾರವೂ ನಾಂತ್ ನಗರಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳೇ ಬೆಳಕಿಗೆ ತಂದ ಒಬ್ಬ ಕವಿ ಇದ್ದ. ಅವನ ಹೆಸರು ಇಲ್ಲಿ ಬೇಡ, ಅಷ್ಟು ಮರ್ಯಾದೆ ಅವನಿಗೆ ಯಾಕೆ. ವಸಂತ ಬರುವ ಹೊತ್ತಿಗೆ ಅದು ಮುಗಿಯಿತು. ಬಾಯಿಬಿಟ್ಟು ಗಂಡನಿಗೆ ಹೇಳುವ ಧೈರ್ಯ ಸಾಲದೆ ಅವಳು ಅದನ್ನೆಲ್ಲ ಕವಿತೆಯಾಗಿ ಬರೆದಳು. ಪುಸ್ತಕ ಮಾಡಿ, ಹೊಲಿದ ಮೊದಲ ಪ್ರತಿಯನ್ನೇ ರೆಜಿಸನ ಹುಟ್ಟುಹಬ್ಬಕ್ಕೆ ಕೊಟ್ಟಳು. ಅವನು ಅದನ್ನು ಮಲಗುವ ಕೋಣೆಗೆ ತೆಗೆದುಕೊಂಡು ಹೋದ. ಒಂದು ವಾರ ಹೆಚ್ಚು ಮಾತಾಡಲಿಲ್ಲ. ಆಮೇಲೊಂದು ದಿನ ಕಡಲಿನಿಂದ ಬಂದವನೇ ಅವಳ ನೆತ್ತಿಯ ಮೇಲೆ ಕೈಯಿಟ್ಟು, "ಚೆನ್ನಾಗಿದೆ ಕಣೇ. ಪೂರ್ತಿ ಚೆನ್ನಾಗಿದೆ" ಎಂದ.

ಲೀಸಿಯಾನ್ ಗುಡಿಸಲಿಗೆ ಹೋಗಿ ಮನಸಾರೆ ಅತ್ತಳು. ಎಲ್ಲವನ್ನೂ ಓದಿಯೂ ತನ್ನನ್ನು ಇಟ್ಟುಕೊಂಡಿದ್ದಾನಲ್ಲ ಎಂದು ಅವನ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು. ಒಂಬತ್ತು ವರ್ಷ ಆ ಕ್ಷಮೆಯ ಮೇಲೇ ಅವಳ ಸಂಸಾರ ನಡೆಯಿತು.

ಹೋದ ಚಳಿಗಾಲ ಲಿಯೋನ್‌ನ ಪುಸ್ತಕದಂಗಡಿಯವಳೊಬ್ಬಳು ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿ ಎಂದು ದುಂಬಾಲುಬಿದ್ದಳು. ಪ್ರತಿಗಳೆಲ್ಲ ಮುಗಿದುಹೋಗಿದ್ದವು. ಅಚ್ಚುಮೊಳೆಗಳನ್ನು ಆಗಲೇ ಬಿಡಿಸಿ ಖಾನೆಗೆ ಹಾಕಿಯಾಗಿತ್ತು. ಅವಳದೇ ಪ್ರತಿಯನ್ನು ಯಾರೋ ಎರವಲು ಒಯ್ದವರು ವಾಪಸು ಕೊಟ್ಟಿರಲಿಲ್ಲ. ಭಾನುವಾರ ಮಧ್ಯಾಹ್ನ, ರೆಜಿಸ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾಗ, ಅವಳು ಮಂಚದ ಪಕ್ಕದ ಗೂಡಿನಿಂದ ಅವನ ಪ್ರತಿಯನ್ನು ತೆಗೆದಳು. ಅದರ ಮೇಲೆ ಒಂದಿಷ್ಟೂ ಧೂಳಿರಲಿಲ್ಲ.

ಮೊದಲ ಹಾಳೆ ತಿರುವಿದಳು. ಮುಂದಿನದು ತೆರೆದುಕೊಳ್ಳಲಿಲ್ಲ. ಬೆರಳಿನಿಂದ ಅಂಚನ್ನು ಸವರಿದಳು. ಒಂದು ಮಡಿಕೆಯನ್ನೂ ಸೀಳಿರಲಿಲ್ಲ.

ಮಂಚದ ಮೇಲೆ ಕೂತಳು. ಹಾಗಾದರೆ ಆ ನೆತ್ತಿಯ ಮೇಲಿನ ಕೈ ಏನು? ಆ ಮಾತು ಯಾವುದರ ಬಗ್ಗೆ? ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ನಡೆದಳು.

"ನೀನಿದನ್ನ ಓದೇ ಇಲ್ಲ."

ರೆಜಿಸ್ ಪುಸ್ತಕ ನೋಡಿದ, ಅವಳ ಮುಖ ನೋಡಿದ. "ಇಲ್ಲ" ಎಂದ.

"ಚೆನ್ನಾಗಿದೆ ಅಂದ್ಯಲ್ಲ ಮತ್ತೆ."

"ಏನಾದ್ರೂ ಅನ್ನಲಿ ಅಂತ ಕಾಯ್ತಾ ಇದ್ದೆ ನೀನು. ವಾರದಿಂದ ನೀನು ಊಟಾನೂ ಬಿಟ್ಟಿದ್ದೆ. ಅದಕ್ಕೇ ನಾನು ಅಂದೆ."

"ಇದ್ರಲ್ಲಿ ಏನಿದೆ ಅಂತ ಗೊತ್ತಾ ನಿಂಗೆ?"

"ವಾರವಾರ ನಾಂತ್‌ಗೆ ಹೋಗೋಷ್ಟು ಕವಿತೆ ಪುಸ್ತಕ ಆ ಊರಲ್ಲಿ ಯಾರು ಕೊಳ್ತಾರೆ ಮಾರಾಯ್ತಿ? ಸಿಂಪಿ ಮಾರೋನಿಗೂ ಲೆಕ್ಕ ಬರುತ್ತೆ." ಅವನು ಸಿಪ್ಪೆಯನ್ನು ಒಂದು ಕಡೆ ಸರಿಸಿದ. "ಬಿಡಿಸೋದು ಬಿಡೋದು ಓದೋನ ಇಷ್ಟ ಅಂತ ನೀನೇ ಊರೆಲ್ಲ ಸಾರ್ತಿದ್ದೆ. ಮುಚ್ಚಿದ ಪುಸ್ತಕ ತಂದು ನನ್ನ ಕೈಗಿಟ್ಟೆ. ನನಗೆ ಬಿಟ್ಟಿದ್ದಾಳೆ, ಅಷ್ಟಾದ್ರೂ ದಯೆ ತೋರ್ಸಿದಾಳೆ ಅಂದ್ಕೊಂಡೆ. ಬಿಡಿಸ್ಲಿಲ್ಲ."

"ಕ್ಷಮಿಸಿದೀಯ ಅಂದ್ಕೊಂಡಿದ್ದೆ, ರೆಜಿಸ್. ಇಷ್ಟು ವರ್ಷ."

"ಕ್ಷಮಿಸಬೇಕಾದ್ರೆ ಗೊತ್ತು ಅಂತ ಒಪ್ಕೋಬೇಕಲ್ಲ. ನಾನು ಗೊತ್ತಿಲ್ಲದೋನ ಥರ ಇದ್ದೆ ಅಷ್ಟೇ. ಅದೇನು ಸುಲಭ ಅಂದ್ಕೊಂಡ್ಯಾ?"

ಅವನು ದನಿ ಏರಿಸಿರಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕುರ್ಚಿ ಎಳೆದು ಅವನೆದುರು ಕೂತಳು. "ಈಗ ಓದ್ಲಾ? ನಾನೇ ಬಿಡಿಸಿ ಓದ್ತೀನಿ, ಮೊದಲಿಂದ ಕೊನೇವರೆಗೂ."

"ಕವಿತೆ ಬೇಡ. ಒಂದು ಮಾತು ಕೇಳ್ತೀನಿ, ಹೇಳು. ನೀನಾಗೇ ಬಿಟ್ಟು ಬಂದ್ಯೋ, ಅವನು ಬೇಡ ಅಂದನೋ?"

ಲೀಸಿಯಾನ್ ಕೈಯಲ್ಲಿದ್ದ ಪುಸ್ತಕ ನೋಡಿದಳು. ಆ ಪುಸ್ತಕದಲ್ಲಿ ರೈಲಿತ್ತು, ಮಂಜಿತ್ತು, ಗಂಡನನ್ನು ನೆನೆದು ಮನೆಗೆ ತಿರುಗಿದ ಹೆಂಗಸಿದ್ದಳು. ಆ ಕೊನೆಯ ಕವಿತೆಯನ್ನೇ ಎಲ್ಲರೂ ಮೆಚ್ಚಿದ್ದರು. ಅಲ್ಲಿ ಬರೆದದ್ದು ನಿಜವಲ್ಲ ಎಂಬುದನ್ನು ಅವಳು ತನ್ನಿಂದಲೂ ಬಚ್ಚಿಟ್ಟುಕೊಂಡಿದ್ದಳು.

"ಅವನು ಬಾಗಿಲು ತೆಗೀಲಿಲ್ಲ" ಎಂದಳು.

ರೆಜಿಸ್ ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲಿಟ್ಟ. ಎಲ್ಲ ಗೊತ್ತು ಎಂದುಕೊಂಡಿದ್ದವನಿಗೆ ಇದೊಂದು ಗೊತ್ತಿರಲಿಲ್ಲ.

"ಇದು ಪುಸ್ತಕದಲ್ಲಿ ಇದೆಯಾ?" ಎಂದು ಕೇಳಿದ.

"ಇಲ್ಲ. ಅದ್ರಲ್ಲಿ ನಾನಾಗೇ ಬಿಟ್ಟು ಬರ್ತೀನಿ."

"ಹಾಗಾದ್ರೆ ಆಗ್ಲೇ ಓದಿದ್ದಿದ್ರೆ ನಿಜವಾಗ್ಲೂ ಕ್ಷಮಿಸಿಬಿಡ್ತಿದ್ದೆ" ಎಂದ.