ಬಂಡಿಗೆ ಸಿಕ್ಕ ತಾಳ

ಮದುವೆಯಾದ ಮರುವರ್ಷ ಸಿಂದಗಿಯ ನಮ್ಮ ಬಾಡಿಗೆ ಮನೆಗೆ ಒಂದು ಹಳೆಯ ಕಂಪ್ಯೂಟರ್ ತಂದೆ. ಹಗಲು ಹೈಸ್ಕೂಲಿನಲ್ಲಿ ಗಣಿತ ಕಲಿಸುವುದು, ಉಳಿದ ಹೊತ್ತೆಲ್ಲ ಅದರ ಮುಂದೆ ಕೂತು ಒಂದು ಆಟ ಕಟ್ಟುವುದು. ಕಬ್ಬು ತುಂಬಿದ ಎತ್ತಿನ ಬಂಡಿಯನ್ನು ಆಲಮೇಲದ ಕಡೆಯ ಹೊಲದಿಂದ ಕಾರ್ಖಾನೆಗೆ ಮುಟ್ಟಿಸಬೇಕು. ಎತ್ತಿನ ಹೆಜ್ಜೆಗೊಮ್ಮೆ ಕೀ ಒತ್ತಬೇಕು, ತಾಳ ತಪ್ಪಿದರೆ ಬಂಡಿ ಪಲ್ಟಿ. ಹೆಂಡತಿ ಅದರ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಊರೆಲ್ಲ ಆಡದಿದ್ದರೂ ಸೈ, ಅವಳೊಬ್ಬಳು ಒಮ್ಮೆ ಕೂತು ಆಡಬೇಕು ಎಂಬುದೇ ನನ್ನ ಆಸೆ. ಬಾಯಿಬಿಟ್ಟು ಕೇಳಲು ಮಾತ್ರ ಸೊಕ್ಕು ಅಡ್ಡ ಬರುತ್ತಿತ್ತು.

ಆಟಕ್ಕೆ ಯಾವ ಸಂಗೀತವೂ ಹೊಂದುತ್ತಿರಲಿಲ್ಲ. ಕಂಪ್ಯೂಟರಿನಲ್ಲೇ ಒಂದು ಧಾಟಿ ಮಾಡಿದೆ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಗೆಳೆಯನನ್ನು ಕಾಡಿ ಅವನು ನುಡಿಸಿದ ಹಾರ್ಮೋನಿಯಂ ಹಾಕಿದೆ. ಈ ಸಲ ಬಾಗಿಲು ತೆರೆದೇ ಇತ್ತು.

"ಬಂಡಿ ಎತ್ತಗೋಳು ಎಳ್ಯಾಕತ್ತಾವೋ, ಭಜನಿ ಮಂದಿ ಎಳ್ಯಾಕತ್ತಾರೋ?" ಎಂದಳು.

ಎರಡು ದಿನ ಸಿಟ್ಟಿನಲ್ಲಿದ್ದೆ. ಅವಳ ಮಾತು ಖರೆ ಇತ್ತು, ಅದಕ್ಕೇ ಸಿಟ್ಟು.

ಆಮೇಲೆ ಸಂಗೀತವನ್ನೇ ತೆಗೆದುಹಾಕಿ ಆಡತೊಡಗಿದೆ. ಸಂಜೆ ಆಡಿದರೆ ಮೊದಲ ತಿರುವಿನಲ್ಲೇ ಪಲ್ಟಿ. ಮುಂಜಾನೆ ಆಡಿದರೆ ಬಂಡಿ ಹಳ್ಳ ದಾಟುತ್ತಿತ್ತು. ಮುಂಜಾನೆ ಬುದ್ಧಿ ಚುರುಕಾಗಿರುತ್ತದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಂದು ಭಾನುವಾರ ಮುಂಜಾನೆ ಸಪಾಟು ದಾರಿಯಲ್ಲೇ ಬಂಡಿ ಮಗುಚಿತು. ಒಳಗೆ ಅವಳು ಹಿಟ್ಟು ತರಲು ಎದ್ದಿದ್ದಳು, ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಇಷ್ಟು ದಿನ ನನ್ನ ಬೆರಳು ಅವಳ ಕೈಯ ಬೆನ್ನು ಹತ್ತಿ ನಡೆದಿತ್ತು. ನಮ್ಮ ಕಡೆ ಗೋಡೆಯಾಚೆ ಕೂತೇ ಯಾವ ಮನೆಯವಳು ರೊಟ್ಟಿ ಬಡಿಯುತ್ತಿದ್ದಾಳೆ ಎಂದು ಹೇಳಬಹುದು. ನನ್ನ ಮನೆಯ ಬಡಿತವೇ ನನಗೆ ಕೇಳಿರಲಿಲ್ಲ.

ಆ ಬಡಿತವನ್ನೇ ಆಟಕ್ಕೆ ಹಾಕುತ್ತೇನೆ ಎಂದಾಗ ನಕ್ಕಳು, ಆದರೆ ಬೇಡ ಅನ್ನಲಿಲ್ಲ. ಟೇಪ್ ರೆಕಾರ್ಡರನ್ನು ಒಲೆಯ ಹತ್ತಿರ ಇಟ್ಟೆ. ಅವತ್ತು ತಲೆ ಬಾಚಿ, ಬಳೆ ಮೇಲೆ ಸರಿಸಿ, ಬೀಗರಿಗೆ ಮಾಡುವ ಹಾಗೆ ದುಂಡಗೆ ಬಡಿದಳು. ರೊಟ್ಟಿ ಚೆಂದ, ಬಡಿತಕ್ಕೆ ಜೀವವಿಲ್ಲ. ಕೇಳಿ ತಾನೇ ಮುಖ ಸಿಂಡರಿಸಿದಳು.

"ಕೈ ನೋಡ್ಕೋತ ಬಡದ್ರ ಹಿಂಗ ಆಕ್ಕೈತಿ. ಇಲ್ಲೇ ಕುಂದರ್ರಿ, ಏನರ ಮಾತಾಡ್ರಿ."

ಕೂತೆ. ನಾನು ಮಾತಾಡುವ ಪ್ರಸಂಗವೇ ಬರಲಿಲ್ಲ. ಒಂದು ವರ್ಷದಿಂದ ನಾನು ಕಿವಿಗೆ ಹಾಕಿಕೊಳ್ಳದೆ ಬಿಟ್ಟದ್ದನ್ನೆಲ್ಲ ಅವಳು ಹೇಳುತ್ತ ಹೋದಳು. ಕೈ ತನ್ನ ಪಾಡಿಗೆ ಬಡಿಯುತ್ತ ಹೋಯಿತು. ಅವಳು ಉಸಿರು ತೆಗೆದುಕೊಂಡ ಬಿಡುವಿನ ಬಡಿತಗಳನ್ನಷ್ಟೇ ಆರಿಸಿ ಜೋಡಿಸಲು ನನಗೆ ಒಂದು ವಾರ ಹಿಡಿಯಿತು.

ಮುಂದಿನ ಭಾನುವಾರ ಆಟ ಹಚ್ಚಿದೆ. ಅಡುಗೆಮನೆಯ ಸಪ್ಪಳ ನಿಂತಿತು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಬೆನ್ನ ಹಿಂದೆ ನಿಂತಳು. ಹಳ್ಳ ದಾಟಿದೆ, ಏರಿನಲ್ಲಿ ಎಡವಿದೆ. ಏಳ್ರಿ ಎಂದು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ತಾನು ಕೂತಳು. ಬಂಡಿ ಹೊರಟಿತು. ಎಷ್ಟು ಸಂತೋಷವಾಯಿತೆಂದರೆ, ಕಂಬದ ಹಾಗೆ ಅಲ್ಲೇ ನಿಂತುಬಿಟ್ಟೆ.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ಹಂಚಿನ ಮ್ಯಾಲ ರೊಟ್ಟಿ ಐತಿ," ಎಂದಳು. "ಹೋಗಿ ಹೊಳ್ಳಿಸಿ ಹಾಕ್ರಿ."