ಖಂಡೆ ಪೂಜೆಯ ದಿನ ಬಂದ್ ಇದ್ದ ಯಂತ್ರ

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ವಾದಿಸಿ ಎಷ್ಟೋ ಜನರ ಮನಸ್ಸು ಕೆಡಿಸಿದವನು ನಾನು. ದೆವ್ವದ ಕತೆ ಹೇಳಲು ಬಂದವರನ್ನು ನಕ್ಕು ಕಳಿಸುತ್ತಿದ್ದೆ. ಇದನ್ನು ಓದಿ ನೀವೂ ನಗಿ, ಅಭ್ಯಂತರವಿಲ್ಲ. ಪವಾಡ ಎಂದು ಮಾತ್ರ ಅನ್ನಬೇಡಿ, ನಾನು ಒಪ್ಪುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ಬಸವಕಲ್ಯಾಣದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ರಕ್ತ ಕೊಡಲು ಒಪ್ಪಿದವರ ಹೆಸರು, ಗುಂಪು, ವಿಳಾಸ ಎಲ್ಲವನ್ನೂ ಒಂದು ಕಂಪ್ಯೂಟರಿನಲ್ಲಿಟ್ಟು, ಸುತ್ತಲಿನ ಆಸ್ಪತ್ರೆಗಳು ಟೆಲಿಫೋನ್ ತಂತಿಯ ಮೂಲಕ ತಾವೇ ಹುಡುಕಿಕೊಳ್ಳುವಂತೆ ಪ್ರೋಗ್ರಾಂ ಬರೆದಿದ್ದೆ. ಇನ್ನೊಬ್ಬರು ನಂಬಿಕೊಂಡ ಮೇಲೆ ಅದನ್ನು ನಿಲ್ಲಿಸುವ ಹಕ್ಕು ನಮಗಿಲ್ಲ ಎಂಬುದು ನನ್ನ ಹಟ.

ನವರಾತ್ರಿಯ ಖಂಡೆ ಪೂಜೆಗೆ ನಮ್ಮಲ್ಲಿ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚುತ್ತಾರೆ. ಎರಡು ವರ್ಷ ನಾನು ಅದಕ್ಕೆ ಒಪ್ಪಿರಲಿಲ್ಲ. ಮೂರನೆಯ ವರ್ಷ ಅವ್ವ ಆರತಿ ತಟ್ಟೆ ಹಿಡಿದು ಅಂಗಡಿಗೇ ಬಂದಳು.

"ಊರಿಗೆಲ್ಲ ನೀ ಒಬ್ಬನೇ ಶಾಣ್ಯಾ ಏನು? ವರ್ಷಕ್ಕ ಒಂದ್ ತಾಸು ಅದಕ್ಕೂ ಆರಾಮ ಬ್ಯಾಡೇನು?"

ವಾದಕ್ಕೆ ನಿಂತರೆ ಅವ್ವ ಸೋಲುವವಳಲ್ಲ. ಬೆಳಿಗ್ಗೆ ಹತ್ತಕ್ಕೆ ಕೈಯಾರೆ ಬಂದ್ ಮಾಡಿ, ಪ್ಲಗ್ ಕಿತ್ತು, ಅವಳ ಪಕ್ಕ ಕೂತೆ. ಆಸ್ಪತ್ರೆಗಳಿಗೆ ಹೇಳಿಡುವುದನ್ನೂ ಮರೆತೆ.

ಹನ್ನೊಂದಾಗುತ್ತ ಬಂದಾಗ ಫೋನ್ ಬಂತು. ಹುಮನಾಬಾದಿನ ಹೆರಿಗೆ ಆಸ್ಪತ್ರೆಯ ಲೇಡಿ ಡಾಕ್ಟರ್.

"ಭಾಳ ಉಪಕಾರ ಆತ್ರಿ. ಚಿಟಗುಪ್ಪದ ಹೆಣ್ಮಗಳಿಗೆ ಹೆರಿಗ್ಯಾಗ ರಕ್ತ ನಿಲ್ಲವಲ್ದಾಗಿತ್ತು. ಹತ್ತೂವರಿಗೆ ನಿಮ್ಮ ಮಷಿನ್ ಹೆಸರು ಕೊಡ್ತು. ಮನಷ್ಯಾ ಬಂದಾನ, ರಕ್ತ ಕೊಡಾಕತ್ತಾನ."

ತಿರುಗಿ ಯಂತ್ರದ ಕಡೆ ನೋಡಿದೆ. ಪ್ಲಗ್ ಇನ್ನೂ ನೆಲದ ಮೇಲೆಯೇ ಬಿದ್ದಿತ್ತು.

ಹಳೆಯ ಪಟ್ಟಿ ಯಾವುದೋ ನೋಡಿರಬೇಕು ಎಂದುಕೊಂಡು ಮಧ್ಯಾಹ್ನವೇ ಬಸ್ಸು ಹಿಡಿದು ಹೋದೆ. ಅವರ ಕೈಯಲ್ಲಿದ್ದದ್ದು ನನ್ನ ಪ್ರೋಗ್ರಾಂ ಮುದ್ರಿಸುವ ಚೀಟಿಯೇ. ಸಮಯ ಹತ್ತು ಮೂವತ್ತೊಂದು. ಅವರ ಕಂಪ್ಯೂಟರಿನ ಗಡಿಯಾರ ಪರೀಕ್ಷಿಸಿದೆ, ಸರಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ರಕ್ತದಾನಿ ಹಿಂದಿನ ವಾರವಷ್ಟೇ ಮನೆ ಬದಲಿಸಿದ್ದ. ಹೊಸ ವಿಳಾಸವನ್ನು ಕಾಗದದ ಮೇಲೆ ಬರೆದುಕೊಂಡಿದ್ದೆ, ಕಂಪ್ಯೂಟರಿಗೆ ಏರಿಸಿರಲಿಲ್ಲ. ಆ ಕಾಗದ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಚೀಟಿಯಲ್ಲಿದ್ದದ್ದು ಹೊಸ ವಿಳಾಸ.

ಊರು ದೇವಿಯ ಕೃಪೆ ಎಂದಿತು. ಅವ್ವ ಗೆದ್ದವಳಂತೆ ನಕ್ಕಳು. ನಾನು ಜಗ್ಗಲಿಲ್ಲ. ದೇವಿಯ ಮೇಲೆ ಭಾರ ಹಾಕಿ ಆಸ್ಪತ್ರೆ ನಡೆಸಲಾಗುವುದಿಲ್ಲ ಎಂದು ಅವ್ವನ ಮುಖಕ್ಕೇ ಹೇಳಿದೆ. ಎರಡನೆಯ ಯಂತ್ರ ತಂದು, ಒಂದಕ್ಕೆ ಪೂಜೆಯಾಗುವಾಗ ಇನ್ನೊಂದು ನಡೆಯುವಂತೆ ಮಾಡಿದೆ. ಆದರೂ ಎಷ್ಟೋ ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಮೂರು ತಿಂಗಳ ಮೇಲೆ ಆ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು, ಗಂಡನೊಡನೆ ಹಾರ ಹಿಡಿದು ಅಂಗಡಿಗೆ ಬಂದಳು.

"ಅಣ್ಣಾ, ನಿಮ್ಮಿಂದ ಉಳದೀನ್ರಿ."

ನಾನು ಕೊರಳು ಒಡ್ಡಲಿಲ್ಲ. "ನನ್ನಿಂದ ಅಲ್ಲ ತಂಗಿ. ಆ ಹೊತ್ತಿನ್ಯಾಗ ನಾ ಬಂದ್ ಮಾಡಿ ಕುಂತಿದ್ದೆ," ಎಂದೆ. ಅದು ಅವಳಿಗೆ ವಿನಯದ ಮಾತಾಗಿ ಕೇಳಿಸಿತು. ಕೂಸನ್ನು ಗಂಡನ ಕೈಗೆ ಕೊಟ್ಟು ನನ್ನ ಕಾಲಿಗೆ ಬಿದ್ದಳು.

ಆಸ್ಪತ್ರೆಗೆ ಆ ದಿನ ಉತ್ತರ ಕೊಟ್ಟವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ಕೊಟ್ಟಿರಲಿಲ್ಲ.