ಚಪ್ಪಲಿ ಇಟ್ಟು ನಾಟಕ ಬರೆದ ಮಾಸ್ತರರು

ನಾಟಕದ ತಾಲೀಮಿಗೆ ಬಂದವರನ್ನೆಲ್ಲ ದ್ಯಾವಪ್ಪ ಮಾಸ್ತರರು ಮೊದಲು ಬರಿಗಾಲಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆ ನಮ್ಮ ಚಪ್ಪಲಿಗಳನ್ನು ಹಳೇ ಶಾಲೆಕೋಣೆಯ ನೆಲದ ಮೇಲೆ ಜೋಡಿಸುತ್ತಿದ್ದರು. ಈ ಜೋಡು ಅಣ್ಣ, ಆ ಜೋಡು ತಮ್ಮ, ಬಾರು ಹರಿದದ್ದು ಸಾಹುಕಾರ. ಒಂದನ್ನು ಹಿಂದೆ ಸರಿಸಿ, ಇನ್ನೊಂದರ ಮುಖ ಬಾಗಿಲ ಕಡೆ ತಿರುಗಿಸಿ, ಕುಕ್ಕರಗಾಲಲ್ಲಿ ಕೂತು ನೋಡಿ ನೋಡಿ ಒಮ್ಮೆಲೇ ನಗುತ್ತಿದ್ದರು. ನಕ್ಕರೆಂದರೆ ಒಂದು ಸೀನು ಹುಟ್ಟಿತೆಂದೇ ಅರ್ಥ. ಹೊಸಬರಿಗೆ ಇದು ಹುಚ್ಚೆನಿಸುತ್ತಿತ್ತು. ನನಗೂ ಅನಿಸಿತ್ತು.

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ ನಾನು ಮಂಗಳೂರಿಗೆ ಶಿಕ್ಷಕನಾಗಿ ಬಂದೆ. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಜೋಳದ ಮಂಗಳೂರು. ಪಾಠ ಹೇಳುವವನು ನಾನಾದರೂ ಊರಿಗೆಲ್ಲ ಮಾಸ್ತರ ಅಂದರೆ ವರ್ಷಕ್ಕೊಂದು ನಾಟಕ ಬರೆದು ಆಡಿಸುವ ಅವರೇ. ನಾನು ಬರೀ ಗುರುಗಳು. ಅವರದು ಹಿಟ್ಟಿನ ಗಿರಣಿ. ಹುಬ್ಬು, ಮೀಸೆ, ಕಿವಿಯ ಕೂದಲಿಗೆಲ್ಲ ಹಿಟ್ಟು. ಗಿರಣಿಯ ಸಪ್ಪಳದಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದನ್ನೇ ಮರೆತಿದ್ದರು. ಅವರು ಗುಟ್ಟು ಹೇಳಿದರೆ ಊರ ಅಗಸಿಬಾಗಿಲಿಗೆ ಕೇಳುತ್ತಿತ್ತು. ಜೋಳ ಬೀಸಿಸಲು ಬಂದ ಹೆಂಗಸರ ಜಗಳ ಮುಂದಿನ ವರ್ಷದ ನಾಟಕದಲ್ಲಿ ಬರುತ್ತಿತ್ತು. ಆ ಹೆಂಗಸರೇ ಮುಂದೆ ಕೂತು ನಗುತ್ತಿದ್ದರು.

ಆ ವರ್ಷದ ನಾಟಕದಲ್ಲಿ ಜೀಪಿನ ಡ್ರೈವರ್ ಶಂಕ್ರಪ್ಪ ಅಣ್ಣ, ನಾನು ತಮ್ಮ. ಜಗಳವಾಗಿ ಅಣ್ಣ ಮನೆ ಬಿಟ್ಟು ಹೊರಡುವ ತನಕ ಮಾಸ್ತರರು ಬರೆದಿದ್ದರು, ಕಡೆಯ ಸೀನು ಬಾಕಿಯಿತ್ತು. ಒಂದು ಸಂಜೆ ಶಂಕ್ರಪ್ಪ ಚೇಷ್ಟೆ ಮಾಡಿದ. ಇಷ್ಟೆಲ್ಲ ಚಪ್ಪಲಿ ಯಾಕೆ, ಕಣ್ಣು ಮುಚ್ಚಿದರೆ ತನಗೆ ಇಡೀ ಸ್ಟೇಜು ಪರದೆಯ ತೇಪೆ ಸಮೇತ ಕಾಣುತ್ತದೆ ಎಂದ.

ಮಾಸ್ತರರು ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟರು. “ಕಾಣತೈತಿ ಅಂದ್ರ? ಖರೇನ ಕಾಣತೈತೇನು?”

ಒಬ್ಬೊಬ್ಬರನ್ನೇ ಕೇಳಿದರು. ಕಣ್ಣು ಮುಚ್ಚಿ ಅವ್ವನನ್ನು ನೆನೆದರೆ ಮುಖ ಕಾಣುತ್ತದೇನು? ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ, ಎಲ್ಲರಿಗೂ ಕಾಣುತ್ತಿತ್ತು. ಮಾಸ್ತರರಿಗೆ ಮಾತ್ರ ಬರೀ ಕತ್ತಲೆ. ‘ಕಣ್ಣ ಮುಂದೆ ಬಂತು’ ಎಂದು ಜನ ಸುಮ್ಮನೆ ಮಾತಿಗೆ ಅನ್ನುತ್ತಾರೆಂದೇ ಅವರು ಅಷ್ಟು ವರ್ಷ ತಿಳಿದಿದ್ದರು. ತಮ್ಮ ಅವ್ವ ಹೇಗಿದ್ದಳೆಂದು ಹಣೆಯ ಹಚ್ಚೆಯ ತನಕ ಹೇಳಬಲ್ಲವರಾಗಿದ್ದರು, ಆದರೆ ಅವಳು ಕಾಣುತ್ತಿರಲಿಲ್ಲ.

ಮರುದಿನ ನಾಟಕದ ಪ್ರತಿಯನ್ನು ಶಂಕ್ರಪ್ಪನ ಕೈಗಿಟ್ಟರು. “ನಿನಗ ಕಾಣತೈತಲ್ಲೋ, ನೀನ ಮುಗಸು. ನಾ ಇಷ್ಟು ದಿನ ನಾಟಕ ಎಲ್ಲಿ ಬರದೆ, ಬರೀ ಚಪ್ಪಲಿ ಜೋಡಿಸೀನಿ. ಇನ್ನ ಬರಿಯಂಗಿಲ್ಲ.” ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

ಶಂಕ್ರಪ್ಪ ಪ್ರತಿ ಹಿಡಿದುಕೊಂಡು ಜೀಪಿನಲ್ಲಿ ಕಣ್ಣು ಮುಚ್ಚಿ ಕೂತ. ಕಂಡದ್ದೇನು? ಹೋದ ವರ್ಷದ ನಾಟಕದ ಕಡೆಯ ಸೀನು. ಅದರ ಹಿಂದಿನ ವರ್ಷದ್ದು. ಕುಷ್ಟಗಿಯಲ್ಲಿ ನೋಡಿದ ಯಾವುದೋ ನಾಟಕದ್ದು, ನಟಿಯ ಸೀರೆಯ ಅಂಚಿನ ಬಣ್ಣ ಸಮೇತ. ವಾರ ಕಳೆದ ಮೇಲೆ ಪ್ರತಿ ತಂದು ನನ್ನ ಮುಂದೆ ಹಾಕಿದ. “ಗುರುಗಳ, ನನಗ ನೋಡಿದ್ದಷ್ಟ ಕಾಣತೈತ್ರಿ” ಅಂದ.

ಮಾಸ್ತರರನ್ನು ಪುಸಲಾಯಿಸಿ ಶಾಲೆಕೋಣೆಗೆ ಕರೆತಂದೆವು. ಚಹಾ ಕುಡಿದರು, ಬರೆಯುವುದಿಲ್ಲ ಅಂದರೆ ಇಲ್ಲ ಎಂದು ಎದ್ದರು. ಬಾಗಿಲಲ್ಲಿ ತಮ್ಮ ಚಪ್ಪಲಿ ಹುಡುಕುತ್ತ ನಿಂತವರು ನಿಂತೇಬಿಟ್ಟರು. ಶಂಕ್ರಪ್ಪನ ಒಂದು ಚಪ್ಪಲಿ ಹೊಸ್ತಿಲಾಚೆ ಬೀದಿಗೆ ಮುಖ ಮಾಡಿತ್ತು. ಇನ್ನೊಂದು ಯಾರದೋ ಕಾಲು ತಾಗಿ ಒಳಗೆ ನನ್ನ ಜೋಡಿನ ಪಕ್ಕ ಬಿದ್ದಿತ್ತು. ಮಾಸ್ತರರು ಕುಕ್ಕರಗಾಲಲ್ಲಿ ಕೂತರು. ನಕ್ಕರು.

“ಏ ಶಂಕ್ರ್ಯಾ, ಸಿಟ್ಟಿನ ಭರದಾಗ ನೀ ಒಂದ ಚಪ್ಪಲಿ ಮೆಟ್ಕೊಂಡು ಹೊಂಟಿ. ಗುರುಗಳ, ಇನ್ನೊಂದು ಕೈಯಾಗ ಹಿಡ್ಕೊಂಡು ನೀವು ಬೆನ್ನ ಹತ್ತರಿ. ಅಣ್ಣಗ ಈಗ ಹೊಡಿತಾನ ಅಂತ ಮಂದಿ ಉಸಿರು ಹಿಡಿತಾರ. ನೀವು ಬಗ್ಗಿ ಅಂವನ ಕಾಲಿಗೆ ಹಾಕ್ರಿ.”

ದನಿ ಮತ್ತೆ ಅಗಸಿಗೆ ಕೇಳುವಷ್ಟಾಗಿತ್ತು. ಅಲ್ಲಿ ನನ್ನ ಮಾತು ಏನು ಎಂದು ಕೇಳಿದೆ. ಮಾತು ಯಾಕೆ ಬೇಕು ಎಂದು ನನ್ನನ್ನೇ ಬೈದರು.

ಆಟದ ದಿನ ನಾನು ಚಪ್ಪಲಿ ಹಿಡಿದು ಓಡಿದಾಗ ಮುಂದಿನ ಸಾಲಿನ ಮುದುಕನೊಬ್ಬ ಎದ್ದು ನಿಂತು ಬೈದ. ನಾನು ಬಗ್ಗಿದಾಗ ಅದೇ ಮುದುಕ ಟವೆಲಿನಿಂದ ಕಣ್ಣೊರೆಸಿಕೊಂಡ. ಪರದೆಯ ಹಿಂದೆ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮುಂದೆ ಪ್ರತಿ ವರ್ಷ ಬರೆದರು.

ಆಮೇಲೆ ನನಗೆ ಗಂಗಾವತಿ ಕಡೆ ವರ್ಗವಾಯಿತು. ಎಷ್ಟೋ ವರ್ಷದ ಮೇಲೆ ನೋಡಲು ಹೋದಾಗ ಗಿರಣಿ ಮಗನ ಕೈಯಲ್ಲಿತ್ತು. ಮಾಸ್ತರರು ಕೋಲೂರಿಕೊಂಡು ಅಲ್ಲೇ ಕೂತಿರುತ್ತಿದ್ದುದರಿಂದ ಹುಬ್ಬಿನ ಹಿಟ್ಟು ಹಾಗೇ ಇತ್ತು. ಹೊರಡುವಾಗ ನೋಡಿದರೆ ನನ್ನ ಒಂದು ಚಪ್ಪಲಿ ಇಲ್ಲ. ಅಂಗಳವೆಲ್ಲ ಹುಡುಕಿ ತಿರುಗಿದೆ. ಬಾಗಿಲಲ್ಲಿ ಮಾಸ್ತರರು ಅದನ್ನು ಎತ್ತಿ ಹಿಡಿದು ನಿಂತಿದ್ದರು. ಈ ಹಿರಿಯ ಜೀವ ನನ್ನ ಕಾಲಿಗೆ ಬಗ್ಗುತ್ತದೆಂದು ಗಾಬರಿಯಾಗಿ ತಡೆಯಲು ಓಡಿದೆ. ಅವರು ಬಗ್ಗಲಿಲ್ಲ. ಆ ಚಪ್ಪಲಿಯಿಂದಲೇ ನನ್ನ ಬೆನ್ನಿಗೆ ಮೆಲ್ಲಗೆ ಒಂದು ಕೊಟ್ಟರು.

“ಇಷ್ಟು ವರ್ಷ ಬರಲಿಲ್ಲಲ್ಲ, ಅದಕ್ಕ ಕಡೀ ಸೀನು ಬ್ಯಾರೆ ಮಾಡೀನ್ರಿ.”

ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಅದೇ ಕೊನೆಯ ಭೇಟಿ.

ಕಣ್ಣು ಮುಚ್ಚಿದರೆ ನನಗೆ ಅವರು ಈಗಲೂ ಕಾಣುತ್ತಾರೆ, ಹುಬ್ಬಿನ ಹಿಟ್ಟು, ಎತ್ತಿದ ಕೈ ಸಮೇತ. ಈ ಸಲ ಏನು ಮಾಡುತ್ತಾರೋ ಎಂದು ಕಾಯುತ್ತೇನೆ. ಬೆನ್ನಿಗೆ ಅದೇ ಒಂದು ಏಟು. ಬೇರೆ ಸೀನು ಬೇಕೆಂದರೆ ಮಾಸ್ತರರೇ ಬರಬೇಕು.